ಸ್ವಾತಿಯಿಂದ ಶಿವರಾತ್ರಿಯವರೆಗೆ

ಲೆಟ್ಯೂಸ್ ಬಿತ್ತಲು ಬೆಂಗಳೂರಿನಲ್ಲಿ ಏಪ್ರಿಲ್‌ಗಿಂತ ಕೆಟ್ಟ ತಿಂಗಳಿಲ್ಲ. ಆದರೆ ಅದನ್ನು ಬೆಳೆಯಬೇಕೆಂಬ ಆಸೆ ಬಹಳ ಜನರಿಗೆ ಹುಟ್ಟುವುದು ಆಗಲೇ. ಮಕ್ಕಳಿಗೆ ರಜೆ ಬಂದಿರುತ್ತದೆ, ಬಿಸಿಲಿಗೆ ಬಾಯಿ ತಣ್ಣನೆಯದನ್ನು ಬೇಡುತ್ತಿರುತ್ತದೆ, ಬಾಲ್ಕನಿಯಲ್ಲಿ ನಾಲ್ಕು ಕುಂಡ ಖಾಲಿ ಬಿದ್ದಿರುತ್ತವೆ. ಬೀಜದ ಪೊಟ್ಟಣ ತಂದು, ಅರ್ಧ ಇಂಚು ಆಳಕ್ಕೆ ಊರಿ, ದಿನವೂ ನೀರು ಹಾಕಿ ಎರಡು ವಾರ ಕಾದರೂ ಒಂದು ಮೊಳಕೆ ಏಳುವುದಿಲ್ಲ. ಬೀಜ ಸತ್ತಿದೆ, ಅಂಗಡಿಯವರು ಹಳೆಯದನ್ನು ಕೊಟ್ಟಿದ್ದಾರೆ ಎಂದುಕೊಂಡು ಕೈಬಿಡುತ್ತಾರೆ.

ಬೀಜ ಸತ್ತಿರುವುದಿಲ್ಲ. ಮಣ್ಣಿನ ಬಿಸಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಚ್ಚಿನ ಲೆಟ್ಯೂಸ್ ತಳಿಗಳ ಬೀಜ ನೀರು ಕುಡಿದೂ ಮಲಗಿಯೇ ಇರುತ್ತದೆ. ಈ ಗಿಡದ ಪೂರ್ವಜರು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಮತ್ತು ಪಶ್ಚಿಮ ಏಷ್ಯಾದ ನಾಡುಗಳವರು. ಅಲ್ಲಿ ಬೇಸಿಗೆಯೆಂದರೆ ಒಣ, ಮಳೆ ಬರುವುದು ಚಳಿಗಾಲಕ್ಕೆ. ಬಿಸಿ ಮಣ್ಣಿನಲ್ಲಿ ಒಂದು ಅಕಾಲ ಮಳೆಗೆ ಮೊಳೆತರೆ ಸಸಿ ವಾರದಲ್ಲಿ ಒಣಗಿಹೋಗುತ್ತದೆ. ಹಾಗಾಗಿ ತಂಪು ಬರುವವರೆಗೆ ಕಾಯುವ ಬೀಜಗಳೇ ಉಳಿದು ವಂಶ ಬೆಳೆಸಿದವು. ನಮ್ಮ ಬಾಲ್ಕನಿಯ ಕುಂಡದಲ್ಲೂ ಅದು ಅದನ್ನೇ ಮಾಡುತ್ತದೆ.

ಇನ್ನು ಆಳಕ್ಕೆ ಊರುವ ಅಭ್ಯಾಸ. ಹುರುಳಿ, ಅವರೆ ಊರಿ ಬೆಳೆದ ಕೈಗೆ ಬೀಜವನ್ನು ಮಣ್ಣಿನ ಮೇಲೆಯೇ ಬಿಡುವುದು ಒಪ್ಪಿಗೆಯಾಗುವುದಿಲ್ಲ. ಆದರೆ ಲೆಟ್ಯೂಸಿನ ಹಲವು ತಳಿಗಳಿಗೆ ಮೊಳೆಯಲು ಬೆಳಕು ಬೇಕು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ‘ಗ್ರ್ಯಾಂಡ್ ರ್‍ಯಾಪಿಡ್ಸ್’ ಎಂಬ ಲೆಟ್ಯೂಸ್ ತಳಿಯ ಬೀಜಗಳನ್ನು ನೆನೆಸಿ ಬಣ್ಣಬಣ್ಣದ ಬೆಳಕಿನಡಿ ಇಟ್ಟರು. ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯಿತು. ಅದರ ಬೆನ್ನಿಗೇ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಅತಿಗೆಂಪು ಬೆಳಕು ಬಿದ್ದರೆ ಸುಮ್ಮನಾಯಿತು. ಎಷ್ಟು ಸಲ ಅದಲು ಬದಲು ಮಾಡಿದರೂ ಕಡೆಗೆ ಬಿದ್ದ ಬೆಳಕಿನದೇ ತೀರ್ಮಾನ. ಗಿಡಗಳು ಬೆಳಕನ್ನು ಅರಿಯುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ಸುಳಿವು ಸಿಕ್ಕಿದ್ದು ಈ ಪುಟ್ಟ ಬೀಜದಿಂದ. ಹಸಿರೆಲೆಗಳ ನಡುವೆ ಸೋಸಿ ಬರುವ ಬೆಳಕಿನಲ್ಲಿ ಅತಿಗೆಂಪಿನ ಪಾಲು ಹೆಚ್ಚು. ಅಂದರೆ ತನ್ನ ತಲೆಯ ಮೇಲೆ ಬೇರೆ ಗಿಡಗಳ ನೆರಳಿದೆಯೇ ಎಂಬುದು ಬೀಜಕ್ಕೆ ಮೊದಲೇ ತಿಳಿಯುತ್ತದೆ. ಒಂದು ಗ್ರಾಂಗೆ ಎಂಟುನೂರು, ಸಾವಿರ ತೂಗುವ ಕಾಳಿನಲ್ಲಿ ಇಷ್ಟು ವಿವೇಚನೆ ಅಡಗಿದೆ ಎಂದು ನೆನೆದಾಗಲೆಲ್ಲ ನನಗೆ ಆ ಕಾಳಿನ ಮೇಲೆ ಗೌರವ ಹೆಚ್ಚುತ್ತದೆ.

ಬಿತ್ತುವ ಬಗೆ ಇದರಿಂದಲೇ ತಿಳಿಯುತ್ತದೆ. ಹದವಾಗಿ ನೆನೆದ ಮಣ್ಣಿನ ಮೇಲೆ ಬೀಜ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಮೇಲೆ ಕಂಡೂ ಕಾಣದಷ್ಟು ಜರಡಿ ಹಿಡಿದ ಗೊಬ್ಬರದ ಪುಡಿ ಉದುರಿಸಿದರೆ ಸಾಕು. ನೀರನ್ನು ಚಿಮುಕಿಸಬೇಕು, ಸುರಿಯಬಾರದು. ಬಿತ್ತುವ ಹೊತ್ತು ಸಂಜೆಯಾಗಲಿ. ನೀರು ಹೀರಲು ಶುರುಮಾಡಿದ ಮೊದಲ ಕೆಲವು ಗಂಟೆಗಳಲ್ಲೇ ಬೀಜ ಸೆಕೆಗೆ ಹೆಚ್ಚು ಅಂಜುವುದು. ಆ ಗಂಟೆಗಳು ಇರುಳಿಗೆ ಬಂದರೆ ಅರ್ಧ ಗೆದ್ದಂತೆ. ಸೆಕೆಯ ದಿನಗಳಲ್ಲಿ ಬಿತ್ತಲೇಬೇಕಾದರೆ ಒದ್ದೆ ಬಟ್ಟೆಯಲ್ಲಿ ಬೀಜ ಹರಡಿ, ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಇಟ್ಟು, ಆಮೇಲೆ ಮಣ್ಣಿಗೆ ಬಿಡುವ ಉಪಾಯವೂ ಉಂಟು. ಆದರೆ ಉಪಾಯ ಬೇಡದ ಕಾಲವೊಂದು ಇರುವಾಗ ಅದಕ್ಕೇ ಕಾಯುವುದು ಒಳ್ಳೆಯದು.

ಆ ಕಾಲವನ್ನು ಆನೇಕಲ್, ಹೊಸಕೋಟೆ ಕಡೆಯ ರೈತರ ಮಳೆ ಲೆಕ್ಕದಲ್ಲೇ ಹೇಳಬಹುದು. ಹಸ್ತ, ಚಿತ್ತ ಕಳೆದು, ಅಕ್ಟೋಬರ್ 24ರ ಆಸುಪಾಸಿಗೆ ಸ್ವಾತಿ ಹುಟ್ಟುತ್ತದೆ. ಹಿಂಗಾರಿನ ದೊಡ್ಡ ಮಳೆಗಳು ಅಷ್ಟರಲ್ಲಿ ಇಳಿಮುಖವಾಗಿರುತ್ತವೆ, ಆಕಾಶ ತೆರೆದುಕೊಳ್ಳುತ್ತದೆ, ಇರುಳು ತಣ್ಣಗಾಗುತ್ತದೆ. ಅಲ್ಲಿಂದ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವವರೆಗೆ ಲೆಟ್ಯೂಸಿನ ಕಾಲ. ಪಾಲಕ್, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ ಸೊಪ್ಪು, ನವಿಲುಕೋಸು, ಬಾಕ್ ಚಾಯ್, ಕೇಲ್ ಎಲ್ಲಕ್ಕೂ ಹಿತವಾದ ಕಾಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್, ಜನವರಿಯ ಇರುಳು ಸರಾಸರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಹಗಲು 27, 28ರಲ್ಲಿ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಹಗಲು 34 ಮುಟ್ಟಿದರೆ ಇರುಳೂ 22ರ ಕೆಳಗೆ ಇಳಿಯಲು ಒಲ್ಲದು. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದ, 2016ರ ಏಪ್ರಿಲ್ 24ರಂದು 39.2ಕ್ಕೆ ಏರಿದ ದಾಖಲೆಗಳೂ ಇದೇ ಊರಿನವು.

ಗಮನಿಸಬೇಕಾದದ್ದು ಇರುಳನ್ನು. ಹಗಲಲ್ಲಿ ಎಲೆ ಬಿಸಿಲಿನಿಂದ ಸಕ್ಕರೆ ಕಟ್ಟುತ್ತದೆ. ಇರುಳಲ್ಲಿ ಉಸಿರಾಡಿ ಅದರಲ್ಲಿ ಒಂದಿಷ್ಟು ಖರ್ಚು ಮಾಡುತ್ತದೆ. ಇರುಳು ಬಿಸಿಯಾದಷ್ಟೂ ಖರ್ಚು ಹೆಚ್ಚು, ಉಳಿತಾಯ ಕಡಿಮೆ. ತಂಪು ಇರುಳು ಕಂಡ ಎಲೆ ದಪ್ಪವಾಗಿ, ಗರಿಗರಿಯಾಗಿ, ನಾಲಿಗೆಗೆ ಸಿಹಿ ತಾಗುವಂತೆ ಇರುವುದಕ್ಕೆ ಇದೂ ಒಂದು ಕಾರಣ. ಯುರೋಪಿನ ಪುಸ್ತಕಗಳು ಲೆಟ್ಯೂಸ್ ಹೂವಿಗೆ ಹೋಗುವುದಕ್ಕೆ ಬೇಸಿಗೆಯ ಉದ್ದ ಹಗಲನ್ನು ದೂರುತ್ತವೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಇಲ್ಲಿ ಮುಖ್ಯವಾಗಿ ಗಿಡವನ್ನು ಹೂವಿಗೆ ದೂಡುವುದು ಸೆಕೆಯೇ.

ಆ ಸೆಕೆ ಊರಿನ ಎಲ್ಲ ಕಡೆ ಒಂದೇ ಅಲ್ಲ. ಹವಾಮಾನ ಇಲಾಖೆ ಹೇಳುವ 16 ಡಿಗ್ರಿ ಗಿಡಮರಗಳಿರುವ ಬಯಲಿನ ಲೆಕ್ಕ. ಹೊರವಲಯದ ಐಟಿ ಪಾರ್ಕುಗಳ ಸುತ್ತ ಎದ್ದಿರುವ ಗೋಪುರಗಳಲ್ಲಿ, ಪಡುವಣ ದಿಕ್ಕಿನ ಗೋಡೆ ಸಂಜೆಯವರೆಗೆ ಬಿಸಿಲು ಕುಡಿದು ನಡುರಾತ್ರಿಯವರೆಗೂ ಅದನ್ನು ಕಕ್ಕುತ್ತಿರುತ್ತದೆ. ಪಕ್ಕದ ಮನೆಯ ಎ.ಸಿ. ಯಂತ್ರ ಬಿಸಿಗಾಳಿ ಬಿಡುವ ಜಾಗದಲ್ಲಿ ಕುಂಡವಿದ್ದರೆ ಮಾಗಿಯಲ್ಲೂ ಏಪ್ರಿಲ್. ಕಾರ್ಖಾನೆಗಳ ಪೀಣ್ಯದಲ್ಲಿ ಹಗಲು ಕಾದ ತಗಡಿನ ಶೀಟಿನ ಮನೆಗಳು ಇರುಳು ಬೇಗ ತಣಿಯುತ್ತವೆ, ಸಿಮೆಂಟ್ ತಾರಸಿ ತಣಿಯುವುದು ನಿಧಾನ. ಒಂದು ಸಾಧಾರಣ ಉಷ್ಣಮಾಪಕ ತಂದು, ಬೆಳಗಿನ ಜಾವ ಕುಂಡದ ಪಕ್ಕದಲ್ಲಿ ಎಷ್ಟಿದೆ ಎಂದು ಕೆಲವು ದಿನ ನೋಡಿ. 20ರ ಕೆಳಗೆ ಇಳಿಯುತ್ತಿದ್ದರೆ ಬಿತ್ತಬಹುದು. ಇಳಿಯದಿದ್ದರೆ ಕುಂಡವನ್ನು ಗೋಡೆಯಿಂದ ಈಚೆಗೆ ತಂದು, ತಾರಸಿಯ ನೆಲದಿಂದ ಒಂದೆರಡು ಇಟ್ಟಿಗೆ ಮೇಲಕ್ಕೆತ್ತಿ, ಅಡಿಯಲ್ಲಿ ಗಾಳಿಯಾಡಲು ಬಿಡಬೇಕು. ನೆಲ ಬಿಸಿ ಬಿಡುವ ಹೊತ್ತಿನಲ್ಲಿ ಬೇರಿಗೆ ಆ ನಾಲ್ಕು ಇಂಚು ದೊಡ್ಡ ಉಪಕಾರ.

ಬಿಸಿಲಿನ ದಿಕ್ಕೂ ಋತುವಿನ ಜೊತೆ ತಿರುಗುತ್ತದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದು ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಈ ಎರಡು ದಿನಗಳ ನಡುವೆ ನಡುಹಗಲಿನ ಬಿಸಿಲು ಬರುವುದು ಉತ್ತರದ ಕಡೆಯಿಂದ, ಉಳಿದ ಕಾಲದಲ್ಲಿ ದಕ್ಷಿಣದಿಂದ. ಹಾಗಾಗಿ ಲೆಟ್ಯೂಸಿನ ಕಾಲದಲ್ಲಿ ದಕ್ಷಿಣಕ್ಕೆ ಅಥವಾ ಮೂಡಣಕ್ಕೆ ತೆರೆದ ಬಾಲ್ಕನಿಯವರು ಪುಣ್ಯವಂತರು. ಉತ್ತರಕ್ಕೆ ಮಾತ್ರ ತೆರೆದ ಬಾಲ್ಕನಿಯಲ್ಲಿ ಡಿಸೆಂಬರಿಗೆ ಒಂದು ಕಿರಣವೂ ಬೀಳದೆ ಗಿಡ ಸೊರಗಿ ಉದ್ದವಾಗುತ್ತದೆ. ಅಂಥವರು ತಾರಸಿಯಲ್ಲಿ ಒಂದಿಷ್ಟು ಜಾಗ ಕೊಡಿ ಎಂದು ಅಪಾರ್ಟ್‌ಮೆಂಟ್ ಸಂಘವನ್ನು ಕೇಳುವುದೇ ದಾರಿ.

ತಂಪು ನಾಡಿನ ತರಕಾರಿ ಈ ಊರಿಗೆ ಐಟಿಯವರ ಜೊತೆ ಬಂದ ಹೊಸ ಚಾಳಿಯೆಂದು ತಿಳಿಯಬೇಕಾಗಿಲ್ಲ. ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯಕ್ಕಾಗಿ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರು ಹೊತ್ತ ವಸಾಹತಿನಲ್ಲಿ ಮನೆಯ ಸುತ್ತ ತೋಟ, ಹೊಲ ಮಾಡಿಕೊಂಡು ಬದುಕುವ ಆಶಯವಿತ್ತು. ಎಲೆಕ್ಟ್ರಾನಿಕ್ ಸಿಟಿಗೆ 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 332 ಎಕರೆ ಗುರುತಿಸಿದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳೂ ಹಳ್ಳಿಗಳೇ. ಊರೊಳಗೆ ಕೆರೆಗಳ ಅಂಚಿನಲ್ಲಿ ತಿಗಳರು ತಲೆಮಾರುಗಳಿಂದ ಸೊಪ್ಪು, ತರಕಾರಿ ಬೆಳೆದು ಪೇಟೆಗೂ ದಂಡಿಗೂ ಹಾಕಿದರು. ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಹೊರನಾಡಿನ ಬೀಜಗಳನ್ನು ಇಲ್ಲಿನ ಮಣ್ಣಿಗೆ ಪಳಗಿಸುವ ಕೆಲಸ ಅಲ್ಲಿ ನಡೆಯಿತು. ನವಿಲುಕೋಸು, ಬೀಟ್‌ರೂಟ್, ಕ್ಯಾರೆಟ್, ಹೂಕೋಸು ಒಂದು ಕಾಲಕ್ಕೆ ಇಂಗ್ಲಿಷ್ ತರಕಾರಿಗಳಾಗಿದ್ದವು. ಇಂದು ನವಿಲುಕೋಸಿನ ಹುಳಿ ಇಲ್ಲದ ಬೆಂಗಳೂರು ಮನೆ ಯಾವುದು? ಲೆಟ್ಯೂಸನ್ನೂ ಹಾಗೆಯೇ ನಮ್ಮದಾಗಿಸಿಕೊಳ್ಳಬಹುದು. ಹೆಸರುಬೇಳೆ ಕೋಸಂಬರಿಗೆ ಸೌತೆಕಾಯಿಯ ಜೊತೆ ಸಣ್ಣಗೆ ಹೆಚ್ಚಿ ಹಾಕಿ, ನಿಂಬೆರಸ ಹಿಂಡಿ, ಸಾಸಿವೆ ಒಗ್ಗರಣೆ ಕೊಟ್ಟು ತಿಂದು ನೋಡಿ. ಉಪ್ಪನ್ನು ಮಾತ್ರ ಬಡಿಸುವಾಗಲೇ ಹಾಕಿ, ಮೊದಲೇ ಹಾಕಿದರೆ ಎಲೆ ನೀರು ಬಿಟ್ಟು ಸೋಲುತ್ತದೆ.

ಹೊರವಲಯದಲ್ಲಿ ನನಗೆ ಹವೆಗಿಂತ ಹೆಚ್ಚು ಚಿಂತೆ ನೀರಿನದು. ಇಲ್ಲಿನ ಬಹುಪಾಲು ಕಟ್ಟಡಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಮೇಲೆ ಬೆಳೆದವು. ಆ ನೀರು ಗಡಸು. ನಲ್ಲಿ, ಗೀಸರ್ ಹಾಳಾಗದಿರಲೆಂದು ಅಪಾರ್ಟ್‌ಮೆಂಟುಗಳು ಸಾಫ್ಟ್‌ನರ್ ಹಾಕಿಸುತ್ತವೆ. ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಬಟ್ಟೆ ಒಗೆಯಲು ಅದು ಒಳ್ಳೆಯದು, ಕುಂಡಕ್ಕೆ ಅಲ್ಲ. ಸೋಡಿಯಂ ಸೇರುತ್ತಾ ಹೋದಂತೆ ಮಣ್ಣು ಗಟ್ಟಿಯಾಗಿ ನೀರು ಇಂಗದು, ಲೆಟ್ಯೂಸಿಗೆ ಬೇಕಾದ ಕ್ಯಾಲ್ಸಿಯಂ ಸಿಗದು. ಗಿಡದ ನಡುವಿನ ಎಳೆ ಎಲೆಗಳ ಅಂಚು ಕಂದಾಗಿ ಸುಟ್ಟಂತಾದರೆ ಅದು ರೋಗವೆಂದು ಔಷಧಿ ಹೊಡೆಯುವುದು ವ್ಯರ್ಥ. ಎಳೆ ಎಲೆಗೆ ಕ್ಯಾಲ್ಸಿಯಂ ತಲುಪಿಲ್ಲ ಎಂಬುದರ ಗುರುತು ಅದು. ನೀರು ಬದಲಿಸಬೇಕು, ಗಾಳಿಯಾಡಲು ಬಿಡಬೇಕು. ಆರ್.ಒ. ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು, ಅದೂ ಬೇಡ. ಎಸ್.ಟಿ.ಪಿ.ಯಲ್ಲಿ ಸಂಸ್ಕರಿಸಿದ ಕೊಳಚೆ ನೀರು ಉದ್ಯಾನದ ಮರಗಳಿಗೆ, ಹುಲ್ಲಿಗೆ ಸರಿ. ಹಸಿಯಾಗಿ ತಿನ್ನುವ ಎಲೆಗೆ ಅದರ ಒಂದು ಹನಿಯೂ ಬೀಳಕೂಡದು. ಈ ವಿಷಯದಲ್ಲಿ ರಾಜಿಯಿಲ್ಲ.

ಪೀಣ್ಯದ ಮಾತು ಇನ್ನೂ ಗಂಭೀರ. ಅಲ್ಲಿನ ಲೋಹಲೇಪನ ಘಟಕಗಳ ತ್ಯಾಜ್ಯದಿಂದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ತಪಾಸಣೆಗಳಲ್ಲಿ ಕಂಡಿದೆ. ಆ ಕಡೆಯ ಕೊಳಚೆ ವೃಷಭಾವತಿ ನದಿಗೆ ಇಳಿದು ಬೈರಮಂಗಲ ಕೆರೆಯವರೆಗೂ ಹೋಗುತ್ತದೆ. ಸೊಪ್ಪುಗಳು, ಅದರಲ್ಲೂ ಲೆಟ್ಯೂಸ್ ಮತ್ತು ಪಾಲಕ್, ಕ್ಯಾಡ್ಮಿಯಂನಂಥ ಲೋಹಗಳನ್ನು ಬೇರಿನಿಂದ ಎಲೆಗೆ ಎಳೆದುಕೊಳ್ಳುವುದರಲ್ಲಿ ಮುಂದು. ಎಲೆಯ ಮೇಲಿನ ಮಣ್ಣು ತೊಳೆದರೆ ಹೋಗುತ್ತದೆ, ಒಳಗೆ ಸೇರಿದ ಲೋಹ ಹೋಗದು. ಕಾರ್ಖಾನೆ ಪ್ರದೇಶದ ನೆಲದಲ್ಲಿ, ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಸೊಪ್ಪು ಬೆಳೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕುಂಡದಲ್ಲಿ, ಹೊರಗಿನಿಂದ ತಂದ ಒಳ್ಳೆಯ ಕೆಮ್ಮಣ್ಣು, ಕಾಂಪೋಸ್ಟ್, ತೊಳೆದ ತೆಂಗಿನ ನಾರಿನ ಪುಡಿ ಸಮಪಾಲು ಕಲಸಿ ಬೆಳೆಯಿರಿ. ನೀರು ಕಾವೇರಿಯದೋ ಮಳೆಯದೋ ಆಗಿರಲಿ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ ಐದನೆಯ ಹಂತ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಊರಿಗೆ ಸೇರಿಸಿಕೊಂಡ 110 ಹಳ್ಳಿಗಳಿಗೆ ತರುವ ಯೋಜನೆ. ಮಳೆ ನೀರು ಅದಕ್ಕಿಂತಲೂ ಮೃದು. ನೂರು ಚದರ ಮೀಟರಿನ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಬಿದ್ದರೆ ಹೆಚ್ಚುಕಡಿಮೆ ಸಾವಿರ ಲೀಟರ್. ಚಿತ್ತ, ಸ್ವಾತಿಯ ಮಳೆಯನ್ನು ಎರಡು ಡ್ರಮ್ಮಿನಲ್ಲಿ ಹಿಡಿದು, ಸೊಳ್ಳೆ ಹೋಗದಂತೆ ಮುಚ್ಚಿಟ್ಟರೆ ನಾಲ್ಕಾರು ಕುಂಡಗಳಿಗೆ ವಾರಗಟ್ಟಲೆ ಬರುತ್ತದೆ.

ಕಾಲ ಸರಿ, ನೀರು ಸರಿ ಎಂದಾದ ಮೇಲೆ ಬೆಳೆಸುವುದು ಸುಲಭ. ಒಂದು ಗೇಣು ಆಳದ ಕುಂಡ ಸಾಕು, ಬೇರು ಆಳಕ್ಕೆ ಹೋಗದು. ಸಸಿಗೆ ನಾಲ್ಕೈದು ಎಲೆ ಬಂದಾಗ, ಅಂದರೆ ಮೂರು ನಾಲ್ಕು ವಾರಕ್ಕೆ, ಗೇಣಿಗೊಂದರಂತೆ ಸಂಜೆ ಹೊತ್ತು ನೆಡಿ. ಗುಂಡಾಗಿ ಕಟ್ಟುವ ಐಸ್‌ಬರ್ಗ್ ಬೇಡ, ಅದು ಊಟಿಯಂಥ ಚಳಿ ಕೇಳುತ್ತದೆ. ಬಿಡಿ ಎಲೆಯ ಲೋಲೋ ರೋಸ್ಸಾ, ಓಕ್‌ಲೀಫ್, ನೆಟ್ಟಗೆ ನಿಲ್ಲುವ ರೊಮೇನ್, ಸ್ವಲ್ಪ ಸೆಕೆ ತಡೆಯುವ ಬಟಾವಿಯಾ ನಮಗೆ ಹೊಂದುತ್ತವೆ. ಎಲ್ಲ ಬೀಜವನ್ನೂ ಒಟ್ಟಿಗೆ ಬಿತ್ತದೆ ಹದಿನೈದು ದಿನಕ್ಕೊಮ್ಮೆ ಒಂದು ಚಿಟಿಕೆ ಬಿತ್ತುತ್ತಾ ಹೋದರೆ ಸಂಕ್ರಾಂತಿ ಕಳೆದರೂ ಎಲೆ ಮುಗಿಯದು. ಕೀಳುವಾಗ ಬೆಳಗ್ಗೆ, ಬಿಸಿಲೇರುವ ಮೊದಲು, ಹೊರಸುತ್ತಿನ ಎಲೆ ಮಾತ್ರ ಮುರಿಯಿರಿ, ನಡುವಿನ ಸುಳಿ ಬೆಳೆಯುತ್ತಲೇ ಇರುತ್ತದೆ. ಸಸ್ಯಹೇನು ಕಂಡರೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೆ ಬಹುಪಾಲು ಹೋಗುತ್ತವೆ. ಹಸಿಯಾಗಿ ತಿನ್ನುವ ಎಲೆಗೆ ಅದಕ್ಕಿಂತ ಹೆಚ್ಚಿನ ಔಷಧಿಯನ್ನು ನಾನು ಹೇಳಲಾರೆ.

ಫೆಬ್ರವರಿಯ ಕೊನೆಗೆ ಗಿಡದ ನಡು ಎತ್ತರವಾಗತೊಡಗುತ್ತದೆ. ಎಲೆ ಮುರಿದರೆ ಬಿಳಿ ಹಾಲು ಹೆಚ್ಚು ಬರುತ್ತದೆ, ನಾಲಿಗೆಗೆ ಕಹಿ. ಹಾಲಿನಲ್ಲಿರುವ ಲ್ಯಾಕ್ಟುಸಿನ್‌ನಂಥ ಪದಾರ್ಥಗಳ ಕಹಿ ಅದು, ಎಲೆ ತಿನ್ನುವ ಹುಳುಗಳಿಂದ ಗಿಡ ತನ್ನ ಹೂವನ್ನು ಕಾಪಾಡಿಕೊಳ್ಳುವ ಬಗೆ. ಹಸಿರು ನೆಟ್ ಕಟ್ಟಿ, ಎರಡು ಹೊತ್ತು ನೀರು ಹಾಕಿ ಇನ್ನೆರಡು ವಾರ ತಳ್ಳಬಹುದು. ಅದಕ್ಕಿಂತ ಹೆಚ್ಚು ಹಟ ಹಿಡಿಯುವುದು ನೀರಿನ ದಂಡ. 2024ರ ಮಾರ್ಚ್ ನೆನಪಿರಬೇಕು. ವೈಟ್‌ಫೀಲ್ಡ್ ಸುತ್ತ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಅಂಥ ಬೇಸಿಗೆಯಲ್ಲಿ ಲೆಟ್ಯೂಸ್ ಬೇಕೆನ್ನುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಅಂಗಡಿಯಲ್ಲಿ ವರ್ಷವಿಡೀ ಸಿಗುವುದು ಪಾಲಿಹೌಸಿನದು, ಹೈಡ್ರೋಪೋನಿಕ್ಸಿನದು, ನೀಲಗಿರಿ ಕಡೆಯದು. ಅದನ್ನು ನೋಡಿ ನಮ್ಮ ಕುಂಡದಿಂದ ಅದೇ ನಿರೀಕ್ಷಿಸಬಾರದು.

ಅದೇ ಕುಂಡಕ್ಕೆ ಯುಗಾದಿಯ ಹೊತ್ತಿಗೆ ದಂಟಿನ ಬೀಜ ಉದುರಿಸಿ. ಗಾಳಿಯ ಇಂಗಾಲವನ್ನು ಎಲೆಯೊಳಗೆ ಹಿಡಿಯುವ ದಂಟಿನ ಕ್ರಮ ಲೆಟ್ಯೂಸಿನದಕ್ಕಿಂತ ಬೇರೆ. ರಾಗಿ, ಮುಸುಕಿನ ಜೋಳ, ಕಬ್ಬಿನದೂ ಅದೇ ಕ್ರಮ. ಬಿಸಿಲು ಸುಡುವಾಗ, ನೀರು ಕಡಿಮೆಯಿರುವಾಗ ಅದು ಹೆಚ್ಚು ಗಳಿಸಿಕೊಡುತ್ತದೆ. ಲೆಟ್ಯೂಸ್ ಸೊರಗುವ ಬಿಸಿಲಿನಲ್ಲಿ ದಂಟು ವಾರಕ್ಕೊಂದು ಗೇಣು ಏಳುವುದು ಹೀಗೆ. ಗೋಣಿಸೊಪ್ಪೂ ಆ ಬಳಗದ್ದೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟು, ಅರ್ಕಾ ಅರುಣಿಮಾ ಕೆಂಪು ದಂಟು ಮತ್ತೆ ಮತ್ತೆ ಕೊಯ್ಲಿಗೆ ಬರುವ ತಳಿಗಳು. ಬಸಳೆ, ಹೊನಗೊನ್ನೆ, ದೊಡ್ಡಪತ್ರೆಯೂ ಇರಲಿ. ತಂಪು ಕಾಲದ ಸಲಾಡ್ ತಟ್ಟೆಗೆ ಎಷ್ಟು ಘನತೆಯಿದೆಯೋ ಬೇಸಿಗೆಯ ಬಸ್ಸಾರು, ಮುದ್ದೆಗೂ ಅಷ್ಟೇ ಇದೆ.

ಜೂನ್ ಬಂದರೆ ಹವೆ ಮತ್ತೆ ಮೃದು. ಜುಲೈ, ಆಗಸ್ಟಿನಲ್ಲಿ ಹಗಲು 28, ಇರುಳು 20ರ ಸುತ್ತ, ಲೆಟ್ಯೂಸ್ ಸಹಿಸುವಷ್ಟು. ಆದರೆ ಮೋಡ ಕವಿದು ಬೆಳಕು ಸಾಲದೆ ಎಲೆ ತೆಳುವಾಗುತ್ತದೆ, ಆಷಾಢದ ಗಾಳಿ ಎತ್ತರದ ಮಹಡಿಗಳಲ್ಲಿ ಸಸಿಗಳನ್ನು ಹರಿದುಹಾಕುತ್ತದೆ, ಸದಾ ಒದ್ದೆ ಮಣ್ಣಿನಲ್ಲಿ ಸಸಿಯ ಬುಡ ಕೊಳೆಯುತ್ತದೆ. ಸೂರಿನಡಿ, ಬೆಳಕಿರುವ ಕಡೆ ಎಳೆಯ ಎಲೆಗಾಗಿ ಒತ್ತಾಗಿ ಬಿತ್ತಿ, ನಾಲ್ಕು ವಾರಕ್ಕೆ ಕತ್ತರಿಸಿಕೊಳ್ಳುವುದು ಈ ತಿಂಗಳುಗಳಿಗೆ ತಕ್ಕದ್ದು. ನೆಲಮಹಡಿಯವರಿಗೆ ಆಫ್ರಿಕನ್ ದೈತ್ಯ ಬಸವನಹುಳುವಿನ ಕಾಟ. ಇರುಳು ಟಾರ್ಚ್ ಹಿಡಿದು ಹೆಕ್ಕುವುದೇ ನಂಬಬಹುದಾದ ಉಪಾಯ, ಕೈಗೆ ಗವಸು ಮರೆಯಬಾರದು. ಸೆಪ್ಟೆಂಬರಿನಲ್ಲಿ ನೆಲದಲ್ಲಿ ಏನನ್ನೂ ನೆಡದಿರುವುದು ಲೇಸು. 2022ರ ಸೆಪ್ಟೆಂಬರ್ ಮೊದಲ ವಾರ ಮಹದೇವಪುರ, ಬೆಳ್ಳಂದೂರು ಕಡೆ ಬಡಾವಣೆಗಳೇ ಮುಳುಗಿದ್ದವು. ಆ ಕೊಳಚೆ ನೀರು ನಿಂತ ಮಣ್ಣಿನಲ್ಲಿ ಹಸಿ ಸೊಪ್ಪು ಬೆಳೆಯಲಾಗದು.

ಕಡೆಯದಾಗಿ ಬೀಜ. ಶಿವರಾತ್ರಿಗೆ ಹೂವಿಗೆ ಹೋದ ಗಿಡಗಳನ್ನೆಲ್ಲ ಕಿತ್ತೆಸೆಯಬೇಡಿ. ಎಲ್ಲಕ್ಕಿಂತ ತಡವಾಗಿ ಎದ್ದ ಒಂದೆರಡಕ್ಕೆ ದಾರ ಕಟ್ಟಿ ಗುರುತಿಡಿ. ಮೊದಲು ಎದ್ದದ್ದರ ಬೀಜ ಬೇಡ, ಅದು ಬೇಗ ಹೂವಿಗೆ ಹೋಗುವ ಗುಣವನ್ನೇ ಮುಂದಕ್ಕೆ ಕೊಡುತ್ತದೆ. ಲೆಟ್ಯೂಸ್ ಸೂರ್ಯಕಾಂತಿ, ಸೇವಂತಿಗೆ, ಹುಚ್ಚೆಳ್ಳಿನ ಕುಟುಂಬದ್ದು, ಹೂವು ಪುಟ್ಟದು, ಹಳದಿ. ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಪಕ್ಕದಲ್ಲಿ ಬೇರೆ ತಳಿಯಿದ್ದರೂ ಬೆರಕೆಯಾಗುವುದು ಅಪರೂಪ. ಸಾಸಿವೆ, ಬಾಕ್ ಚಾಯ್, ಕೇಲ್‌ಗಳಿಗೆ ಈ ಮಾತು ಒಪ್ಪದು, ಅವು ದುಂಬಿಗಳ ಮೂಲಕ ಬೆರೆಯುತ್ತವೆ. ಹೂ ಬಾಡಿ ಎರಡು ಮೂರು ವಾರಕ್ಕೆ ಬಿಳಿ ಜುಂಜು ಕಾಣಿಸಿಕೊಂಡಾಗ ಗೊಂಚಲನ್ನು ಕಾಗದದ ಚೀಲದೊಳಗೆ ಬಗ್ಗಿಸಿ ತಟ್ಟಿದರೆ ಬೀಜ ಉದುರುತ್ತದೆ. ನೆರಳಲ್ಲಿ ಒಣಗಿಸಿ, ಗಾಜಿನ ಸೀಸೆಯಲ್ಲಿ ಹಾಕಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಂಗಳೂರಿನ ಮಳೆಗಾಲದ ತೇವ ತಗುಲಿದ ಬೀಜ ಬೇಗ ಕೆಡುತ್ತದೆ, ಒಣಗಿಸಿ ತಣ್ಣಗೆ ಇಟ್ಟದ್ದು ಎರಡು ಮೂರು ವರ್ಷ ಬರುತ್ತದೆ. ಸೀಸೆಯ ಮೇಲೆ ತಳಿಯ ಹೆಸರು, ವರ್ಷ, ಗಿಡ ಯಾವ ತಾರೀಖಿನವರೆಗೆ ಎಲೆ ಕೊಟ್ಟಿತು ಎಂಬುದನ್ನು ಬರೆದಿಡಿ. ಒಂದು ಗಿಡದಿಂದ ನೂರಾರು ಬೀಜ ಸಿಗುತ್ತವೆ, ನಿಮಗೆ ಬೇಕಾದದ್ದು ಇಟ್ಟುಕೊಂಡು ಉಳಿದದ್ದನ್ನು ಮಹಡಿಯ ಮೇಲಿನ, ಕೆಳಗಿನ ಮನೆಗಳಿಗೆ ಅಕ್ಟೋಬರಿನಲ್ಲಿ ಹಂಚಿ, ಬಿತ್ತುವ ದಿನಾಂಕ ಹೇಳಿ.